ಮರಡಿಹಳ್ಳಿಯ ಕಲ್ಲು ಮತ್ತು ಆದಿಕಾಂಡದ ಆರು ದಿನ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗ ಎಂಟನೇ ತರಗತಿಯಲ್ಲಿದ್ದಾನೆ. ಕಳೆದ ತಿಂಗಳು ಶಾಲೆಯವರು ಮಕ್ಕಳನ್ನು ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಕರೆದೊಯ್ದಿದ್ದರು. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳು ಅಲ್ಲಿವೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ, ನೀರು ತಾಗಿದ ಕೂಡಲೇ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿ ಆದ ಕಲ್ಲು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಭೂವೈಜ್ಞಾನಿಕ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿಕೊಂಡು ಬಂದಿದೆ. ಮಳೆಗೇ ಬಾಯಿಬಿಡುವ ನಮ್ಮ ದುರ್ಗದ ಸೀಮೆಯಲ್ಲಿ ಸಮುದ್ರವಿತ್ತು ಎನ್ನುವುದು ಹುಡುಗನ ತಲೆಯಿಂದ ಇಳಿಯಲೇ ಇಲ್ಲ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ, ದೇವರು ಆರು ದಿನದಲ್ಲಿ ಲೋಕವನ್ನು ಸೃಷ್ಟಿಸಿದ ಎನ್ನುತ್ತದೆ. ಆ ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ ಅವನು ಅದರ ಬಗ್ಗೆ ಎರಡು ಪ್ರಶ್ನೆ ಕೇಳಿದ. ಆರು ದಿನ ಎಂದರೆ ಎಷ್ಟು? ಸೂರ್ಯ ಹುಟ್ಟಿದ್ದು ನಾಲ್ಕನೇ ದಿನವಾದರೆ ಮೊದಲ ಮೂರು ದಿನ ಬೆಳಗು-ಸಂಜೆ ಆದದ್ದು ಹೇಗೆ? ಕಲಿಸುವವರು, 'ಕಲ್ಲನ್ನು ನಂಬುತ್ತೀಯೋ, ದೇವರ ವಾಕ್ಯವನ್ನೋ, ಒಂದನ್ನು ಆರಿಸಿಕೋ' ಎಂದರಂತೆ. ಮೂರು ಭಾನುವಾರವಾಯಿತು, ಹುಡುಗ ಆ ಕಡೆ ತಲೆ ಹಾಕಿಲ್ಲ. ಕರೆದರೆ 'ನಾನು ಕಲ್ಲನ್ನು ಮುಟ್ಟಿ ನೋಡಿದ್ದೀನಿ ತಾತ' ಅನ್ನುತ್ತಾನೆ.

ನಾನು ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ಬಹುಕಾಲ ಕನ್ನಡ ಕಲಿಸಿದವನು, ಹುಟ್ಟಿನಿಂದ ಕ್ರೈಸ್ತ. ದಿನವೂ ಬೈಬಲ್ ಓದುತ್ತೇನೆ. ಆ ಹುಡುಗನ ಮುಂದೆ ಇಟ್ಟ ಆಯ್ಕೆಯೇ ತಪ್ಪು ಎಂದು ಹೇಳಲು ಈ ಪತ್ರ.

ಅವನು ಕೇಳಿದ್ದು ಹೊಸ ಪ್ರಶ್ನೆಯೂ ಅಲ್ಲ, ನಾಸ್ತಿಕರ ಪ್ರಶ್ನೆಯೂ ಅಲ್ಲ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಓರಿಜನ್, ಕ್ರೈಸ್ತ ಸಭೆಯ ದೊಡ್ಡ ಪಂಡಿತ, ಇದನ್ನೇ ಕೇಳಿದ್ದ. ಸೂರ್ಯಚಂದ್ರರಿಲ್ಲದ ದಿನ ಎಂಥದ್ದು, ದೇವರು ರೈತನ ಹಾಗೆ ತೋಟ ನೆಟ್ಟ ಎಂದು ಅಕ್ಷರಶಃ ನಂಬುವವರು ಯಾರು, ಇವು ಗೂಢಾರ್ಥ ಹೇಳುವ ಮಾತುಗಳು ಎಂದು ಬರೆದ. ಆದಿಕಾಂಡದಲ್ಲೇ ಬರುವ ಅಬ್ರಹಾಮನ ದಾಸಿ ಹಾಗರ್ ಮತ್ತು ಹೆಂಡತಿ ಸಾರಳ ಕಥೆಯನ್ನು ರೂಪಕವಾಗಿ ಎತ್ತಿಕೊಂಡು, ಆ ಇಬ್ಬರು ಹೆಂಗಸರು ದೇವರು ಮನುಷ್ಯರೊಂದಿಗೆ ಮಾಡಿಕೊಂಡ ಎರಡು ಒಡಂಬಡಿಕೆಗಳು ಎಂದು ಗಲಾತ್ಯದ ಸಭೆಗಳಿಗೆ ಪತ್ರ ಬರೆದವನು ಯೇಸುವಿನ ಅಪೊಸ್ತಲನಾದ ಪೌಲನೇ. ನಮ್ಮ ತಂದೆಯ ಹಳೆಯ ಇಂಗ್ಲಿಷ್ ಬೈಬಲಿನ ಮೊದಲ ಪುಟದ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಲೋಕ ಹುಟ್ಟಿದ ವರ್ಷವೆಂದು, 'ಕ್ರಿ.ಪೂ. 4004' ಎಂದಿದೆ. ಅದು ಮೋಶೆಯ ಮಾತಲ್ಲ, ಯೇಸುವಿನ ಮಾತೂ ಅಲ್ಲ. 1650ರಲ್ಲಿ ಜೇಮ್ಸ್ ಅಶರ್ ಎಂಬ ಐರ್ಲೆಂಡಿನ ಆರ್ಚ್‌ಬಿಷಪ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಕಳೆದು ತೆಗೆದ ಲೆಕ್ಕ. ಮುದ್ರಕರು ಅಂಚಿನಲ್ಲಿ ಸೇರಿಸಿದ್ದನ್ನು ನಾವು ವಾಕ್ಯವೆಂದು ಮಕ್ಕಳ ಮೇಲೆ ಹೇರುತ್ತಿದ್ದೇವೆ.

ಕನ್ನಡದವರಿಗಂತೂ ಇದು ಕಷ್ಟವಾಗಲೇಬಾರದು. ಬೆಡಗಿನ ವಚನಗಳನ್ನು ಓದಿ ಬೆಳೆದವರು ನಾವು. ಶರೀಫಜ್ಜನ ಪದದಲ್ಲಿ ಕೋಳಿ ಕೋಡಗನನ್ನು ನುಂಗುತ್ತದೆ. ಎಷ್ಟು ದೊಡ್ಡ ಕೋಳಿ ಎಂದು ಯಾವ ಭಜನೆಯಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ, ಹಾಗೆಂದು ಆ ಪದ ಸುಳ್ಳು ಎಂದವರನ್ನೂ ಕಂಡಿಲ್ಲ.

ಚಳ್ಳಕೆರೆ ಕಡೆ ಇದ್ದಾಗ ಒಮ್ಮೆ ತರಗತಿಯಲ್ಲಿ, ಪ್ರವಾದಿ ನಾತಾನ ದಾವೀದ ಅರಸನಿಗೆ ಹೇಳಿದ ಬೈಬಲಿನ ಕಥೆ ಹೇಳಿದ್ದೆ. ಊರಲ್ಲಿ ಒಬ್ಬ ಸಿರಿವಂತ, ಅವನಿಗೆ ಹಿಂಡುಹಿಂಡು ಕುರಿ. ಪಕ್ಕದ ಬಡವನಿಗೆ ಇದ್ದದ್ದು ಒಂದೇ ಹೆಣ್ಣುಮರಿ. ಅವನ ತುತ್ತಿನಲ್ಲೇ ತಿಂದು ಮಗ್ಗುಲಲ್ಲೇ ಮಲಗುತ್ತಿತ್ತು. ಸಿರಿವಂತನ ಮನೆಗೆ ನೆಂಟ ಬಂದ, ಇವನು ಆ ಬಡವನ ಮರಿಯನ್ನೇ ಹಿಡಿದು ಕುಯ್ಯಿಸಿದ. ಹಟ್ಟಿಯಿಂದ ಬರುತ್ತಿದ್ದ ಒಬ್ಬ ಹುಡುಗ ಕೊನೆಯ ಬೆಂಚಿನಿಂದ ಎದ್ದು ನಿಂತುಬಿಟ್ಟ. ಕಣ್ಣು ಕೆಂಪಾಗಿದ್ದವು. 'ಅವನನ್ನ ಸುಮ್ನೆ ಬಿಟ್ರಾ ಸಾರ್?' ಅಂದ. ಕಥೆ ಕೇಳಿದ ದಾವೀದ ಅರಸನೂ ಹೀಗೆಯೇ ಸಿಟ್ಟಿಗೆದ್ದು ಅವನಿಗೆ ಸಾವೇ ಸರಿ ಅಂದ. ಆಗ ನಾತಾನ, 'ಆ ಮನುಷ್ಯ ನೀನೇ' ಅಂದ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದುಕೊಂಡಿದ್ದ ಅರಸನಿಗೆ ಅಷ್ಟು ಸಾಕಾಯಿತು. ಆ ಮರಿ ನಿಜವಾಗಿ ಇರಲಿಲ್ಲ. ಕಥೆ ಮಾತ್ರ ಸಿಂಹಾಸನದವರೆಗೆ ಹೋಗಿ ಮುಟ್ಟಿತು.

ಬೈಬಲಿನ ಯೋನನ ಪುಸ್ತಕವೂ ಹೀಗೆಯೇ. ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಎಂದು ದೇವರು ಕಳಿಸಿದ ಪ್ರವಾದಿ ಯೋನ, ತಪ್ಪಿಸಿಕೊಂಡು ಓಡುವಾಗ ದೊಡ್ಡ ಮೀನೊಂದು ಅವನನ್ನು ನುಂಗುತ್ತದೆ. ಮೂರು ದಿನ ಮೀನಿನ ಹೊಟ್ಟೆಯಲ್ಲಿ ಉಸಿರಾಡಿದ್ದು ಹೇಗೆ ಎಂದು ವಾದ ಮಾಡುವವರು ಕೊನೆಯ ವಾಕ್ಯಕ್ಕೆ ಬರುವುದೇ ಇಲ್ಲ. ತನಗೆ ನೆರಳು ಕೊಟ್ಟ ಸೋರೆಗಿಡ ಒಣಗಿತೆಂದು ಯೋನ ಮರುಗುತ್ತಾನೆ. ಆಗ ದೇವರು ಕೇಳುತ್ತಾನೆ: ಎಡಗೈ ಬಲಗೈ ಭೇದ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿರುವ, ಬಹಳ ದನಕರುಗಳಿರುವ ನಿನೆವೆಗಾಗಿ ನಾನು ಮರುಗಬಾರದೇ? ನಿನೆವೆ ಶತ್ರುಗಳ ಊರು. ಶತ್ರುವಿನ ದನಕರುಗಳಿಗೂ ಮರುಗುವ ದೇವರನ್ನು ಮಕ್ಕಳಿಗೆ ತೋರಿಸದೆ ಮೀನಿನ ಗಾತ್ರ ಅಳೆಯುತ್ತ ಕೂತರೆ ಏನು ಕಲಿಸಿದಂತಾಯಿತು?

ಎಲ್ಲವೂ ರೂಪಕ ಎಂದು ನಾನು ಹೇಳುತ್ತಿಲ್ಲ. ರೋಮಿನ ಅಧಿಕಾರಿ ಪೊಂತ್ಯ ಪಿಲಾತನ ಕಾಲದಲ್ಲಿ ಯೇಸುವನ್ನು ಶಿಲುಬೆಗೆ ಹಾಕಿದ್ದು ನಡೆದ ಸಂಗತಿ. ಹಸಿದವನಿಗೆ ಊಟ ಕೊಡು ಎಂದರೆ ಅನ್ನವನ್ನೇ ಕೊಡಬೇಕು, ಅದಕ್ಕೆ ಗೂಢಾರ್ಥ ಹುಡುಕಿ ಜಾರಿಕೊಳ್ಳುವಂತಿಲ್ಲ. ಯಾವುದು ಹಾಡು, ಯಾವುದು ದೃಷ್ಟಾಂತದ ಕಥೆ, ಯಾವುದು ಚರಿತ್ರೆ ಎಂದು ಬಿಡಿಸಿ ಓದುವುದನ್ನು ಕಲಿಸಿ ಎಂದಷ್ಟೇ ಕೇಳುತ್ತಿದ್ದೇನೆ. ನಿಸರ್ಗದ ವಿಷಯದಲ್ಲಿ ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧ ಹೇಳಿದರೆ, ಕೇಳಿದವರು ಪುನರುತ್ಥಾನದ ಮಾತನ್ನಾದರೂ ಹೇಗೆ ನಂಬಿಯಾರು ಎಂದು ಸಂತ ಅಗಸ್ಟೀನ್ 1,600 ವರ್ಷಗಳ ಹಿಂದೆಯೇ ಕೊರಗಿದ್ದ.

ನಮ್ಮ ಸಭೆಯ ಹಿರಿಯರಿಗೆ ಒಂದು ಬೇಡಿಕೆ. ಸಂಡೇ ಸ್ಕೂಲಿನ ಮಕ್ಕಳನ್ನೆಲ್ಲ ಒಂದು ದಿನ ಮರಡಿಹಳ್ಳಿಗೆ ಕರೆದುಕೊಂಡು ಹೋಗೋಣ. ಆ ಬಂಡೆಗಳ ಮುಂದೆ ನಿಂತು ಆದಿಕಾಂಡದ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದೋಣ, 'ಬೆಟ್ಟಗಳು ಹುಟ್ಟುವ ಮುಂಚೆ' ನೀನಿದ್ದೀ ಎನ್ನುವ 90ನೇ ಕೀರ್ತನೆಯನ್ನೂ ಓದೋಣ. ಕಲಿಸುವವರೂ ಬರಲಿ, ಅವರ ಮೇಲೆ ನನಗೆ ಕೋಪವಿಲ್ಲ. ಬುತ್ತಿ ನಮ್ಮ ಮನೆಯಿಂದ. ನೀವು ಬರುವುದಾದರೆ ತಾನೂ ಬರುತ್ತೇನೆ ಎಂದು ಮೊಮ್ಮಗ ಒಪ್ಪಿದ್ದಾನೆ.

– ನಿವೃತ್ತ ಕನ್ನಡ ಶಿಕ್ಷಕ, ಚಿತ್ರದುರ್ಗ