ತಿರುಚಿದ ಸುರುಳಿಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ, ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಪರಮಾಣು ಸಮ್ಮಿಳನದ ಬಗ್ಗೆ ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಸಮ್ಮಿಳನ ಯಂತ್ರವೆಂದರೆ ಟೋಕಮಾಕ್ ಎಂದು ಬರೆದು, ಕೋಡುಬಳೆಯಂಥ ಚಿತ್ರವನ್ನೂ ಹಾಕಿದ್ದೀರಿ. ಸ್ಟೆಲರೇಟರ್ ಎಂಬ ತಿರುಚು ಸುರುಳಿಯ ಯಂತ್ರದ ಹೆಸರೇ ಅದರಲ್ಲಿ ಇಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ, ಎಸ್‌ಎಸ್‌ಟಿ-1 ಎರಡೂ ಟೋಕಮಾಕ್‌ಗಳೇ ಆದ್ದರಿಂದ ಲೇಖಕರು ಅದನ್ನೇ ಬರೆದದ್ದು ಸಹಜ. ಆದರೆ ಕೊಳವೆಬಾವಿ ಮೋಟಾರುಗಳಿಗೆ ಸುರುಳಿ ಸುತ್ತಿಯೇ ಮೂವತ್ತೊಂದು ವರ್ಷ ಬದುಕಿದ ನನಗೆ ಇದು ದೊಡ್ಡ ಕೊರತೆಯಾಗಿ ಕಂಡಿತು.

ಸಮ್ಮಿಳನಕ್ಕೆ ಪ್ಲಾಸ್ಮಾ ಬೇಕು, ಅಂದರೆ ಪರಮಾಣುಗಳು ಅಯಾನು (ವಿದ್ಯುದಂಶವುಳ್ಳ ಕಣ), ಎಲೆಕ್ಟ್ರಾನುಗಳಾಗಿ ಒಡೆದ ಅತಿ ಬಿಸಿ ಅನಿಲ. ಅದು ಗೋಡೆಗೆ ತಾಗದಂತೆ ಸುರುಳಿಗಳ ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ಕೋಡುಬಳೆಯಾಕಾರದ ಕೊಳವೆಗೆ ಸುರುಳಿಗಳನ್ನು ತೊಡಿಸಿದರೆ ಅವು ಒಳಬದಿಯಲ್ಲಿ ಒತ್ತಾಗಿ, ಹೊರಬದಿಯಲ್ಲಿ ವಿರಳವಾಗಿ ಕೂರುತ್ತವೆ. ಕಾಂತಕ್ಷೇತ್ರವೂ ಹಾಗೆಯೇ, ಒಳಗೆ ಬಲ, ಹೊರಗೆ ದುರ್ಬಲ. ಈ ಏರುಪೇರಿನಿಂದ ಪ್ಲಾಸ್ಮಾದ ಅಯಾನುಗಳು ಮೇಲಕ್ಕೆ ಸರಿದರೆ ಎಲೆಕ್ಟ್ರಾನುಗಳು ಕೆಳಕ್ಕೆ ಸರಿಯುತ್ತವೆ, ಇಲ್ಲವೇ ಅದಲುಬದಲಾಗಿ. ಆಗ ಹುಟ್ಟುವ ವಿದ್ಯುತ್ ಕ್ಷೇತ್ರ ಇಡೀ ಪ್ಲಾಸ್ಮಾವನ್ನು ಹೊರಗೋಡೆಗೆ ದೂಡುತ್ತದೆ. ಇದನ್ನು ತಡೆಯಲು ಕಾಂತಕ್ಷೇತ್ರದ ಬಲರೇಖೆಗಳನ್ನು ಹಗ್ಗದಂತೆ ಹುರಿಗೊಳಿಸಬೇಕು. ಕಣ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುವುದರಿಂದ ಸರಿದದ್ದು ಸರಿಹೋಗುತ್ತದೆ.

ಟೋಕಮಾಕ್ ಈ ಹುರಿಗಾಗಿ ಪ್ಲಾಸ್ಮಾದೊಳಗೇ ಭಾರಿ ಕರೆಂಟ್ ಹರಿಸುತ್ತದೆ. ಅದನ್ನು ನಿರಂತರವಾಗಿ ಉಳಿಸುವುದು ಕಷ್ಟ. ಥಟ್ಟನೆ ಕುಸಿದರೆ ಯಂತ್ರಕ್ಕೇ ಪೆಟ್ಟು. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಕಲ್ಪಿಸಿದ ಸ್ಟೆಲರೇಟರಿನಲ್ಲಿ ಹುರಿ ಬರುವುದು ಹೊರಗಿನಿಂದ. ಜಪಾನಿನ ತೋಕಿಯಲ್ಲಿ 1998ರಲ್ಲಿ ಚಾಲನೆಗೊಂಡ ಯಂತ್ರದಲ್ಲಿ ಎರಡು ಅತಿವಾಹಕ (ರೋಧವಿಲ್ಲದೆ ಕರೆಂಟ್ ಹರಿಸುವ) ಸುರುಳಿಗಳು ಕೊಳವೆಯನ್ನು ಬಳ್ಳಿಯಂತೆ ಸುತ್ತಿಕೊಂಡಿವೆ.

ಆದರೆ ಮೊದಮೊದಲ ಸ್ಟೆಲರೇಟರುಗಳಲ್ಲಿ ಕ್ಷೇತ್ರದ ಉಬ್ಬುತಗ್ಗುಗಳಲ್ಲಿ ಸಿಕ್ಕಿಬಿದ್ದ ಕಣಗಳು ಸೋರಿಹೋಗುತ್ತಿದ್ದವು. ಸೋರಿಕೆ ತಗ್ಗಿಸುವ ಕ್ಷೇತ್ರದ ಆಕಾರವನ್ನು ಕಂಪ್ಯೂಟರಿನಲ್ಲಿ ಹುಡುಕಿ, ಅದಕ್ಕೆ ತಕ್ಕಂತೆ ಸುರುಳಿಗಳನ್ನೇ ಬಗ್ಗಿಸಿದರು. ಜರ್ಮನಿಯ ಗ್ರೈಫ್ಸ್‌ವಾಲ್ಡಿನಲ್ಲಿ 2015ರಲ್ಲಿ ಆರಂಭವಾದ ವೆಂಡೆಲ್‌ಸ್ಟೈನ್ 7-ಎಕ್ಸ್‌ನಲ್ಲಿ ಇಂಥ 50 ಸುರುಳಿಗಳಿವೆ. ನೋಡಿದರೆ ಯಾರೋ ತುಳಿದು ಸೊಟ್ಟ ಮಾಡಿದ ಬಳೆಗಳಂತಿವೆ, ಆದರೆ ಒಂದೊಂದು ಸೊಟ್ಟಕ್ಕೂ ಲೆಕ್ಕವಿದೆ. ಕಟ್ಟಿ ಮುಗಿಸಿದ ಮೇಲೆ ಅಳೆದಾಗ ಕ್ಷೇತ್ರದ ದೋಷ ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಅಲ್ಲಿ ವಿದ್ಯುತ್ ಉತ್ಪಾದನೆ ನಡೆಯುವುದಿಲ್ಲ, ಅದು ಪ್ರಯೋಗದ ಯಂತ್ರ. 2023ರಲ್ಲಿ ಪ್ಲಾಸ್ಮಾವನ್ನು ಎಂಟು ನಿಮಿಷ ಹಿಡಿದಿಟ್ಟಿತು.

ಕೆಲವು ವರ್ಷಗಳ ಹಿಂದೆ ನಾನು ಕಟ್ಟಿದ ಒಂದು ಮೋಟಾರಿನಲ್ಲಿ ಸುತ್ತಿನ ಎಣಿಕೆ ತಪ್ಪಿತ್ತು. 1,200 ಅಡಿ ಆಳದಲ್ಲಿ ಅದು ಸುಟ್ಟಿತು. ಮೇಲೆತ್ತಿ, ಮತ್ತೆ ಕಟ್ಟಿ ಇಳಿಸುವಷ್ಟರಲ್ಲಿ ಆ ರೈತರ ಟೊಮೆಟೊ ತೋಟ ಬಾಡಿಹೋಗಿತ್ತು. ಅಂದಿನಿಂದ ಪ್ರತಿ ಸುತ್ತನ್ನೂ ಎರಡು ಸಲ ಎಣಿಸುತ್ತೇನೆ. ಲಕ್ಷದಲ್ಲಿ ಒಂದು ಭಾಗ ಎಂದು ಓದಿದಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಆ ಸುರುಳಿಗಳನ್ನು ಸುತ್ತಿದವರ ಕೈಗಳು.

ದಯವಿಟ್ಟು ಸ್ಟೆಲರೇಟರ್ ಬಗ್ಗೆ ಒಂದು ಲೇಖನ ಪ್ರಕಟಿಸಿ. ಸುರುಳಿಯ ಚಿತ್ರ ಕೊಂಚ ದೊಡ್ಡದಾಗಿರಲಿ. ನನ್ನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಇಬ್ಬರು ಐಟಿಐ ಹುಡುಗರಿಗೆ ಅದರ ತಿರುವುಗಳನ್ನು ಬೆರಳಿಟ್ಟು ತೋರಿಸಬೇಕು.

— ಮೋಟಾರ್ ರಿವೈಂಡಿಂಗ್ ಕೆಲಸಗಾರ, ಶ್ರೀನಿವಾಸಪುರ, ಕೋಲಾರ ಜಿಲ್ಲೆ