ಹರಿತ ಕರ್ಮಸೇನೆಗೆ ವಾಹನ ಸಾಲ ಸಿಗಲಿ

ಮಾನ್ಯರೇ,

ಕಾಸರಗೋಡು ಜಿಲ್ಲೆಯಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯ ಮಹಿಳೆಯರಿಗೆ ಸ್ವಂತ ವಾಹನ ಕೊಳ್ಳಲು ಸುಲಭ ಸಾಲದ ವ್ಯವಸ್ಥೆ ಆಗಬೇಕಿದೆ. ನಮ್ಮ ಬದಿಯಡ್ಕ ಕಡೆಯ ಗುಡ್ಡದ ಮನೆಗಳಿಂದ ಚೀಲ ಹೊತ್ತು ಇಳಿದು, ರಸ್ತೆ ಬದಿಯಲ್ಲಿ ರಾಶಿ ಹಾಕಿ, ಬಾಡಿಗೆ ಗಾಡಿಗೆ ಕಾಯುವುದು ಅವರ ಪಾಡು. ಮಳೆಗಾಲದಲ್ಲಿ ಆ ಚೀಲಗಳು ನೀರು ಕುಡಿದು ಇನ್ನಷ್ಟು ಭಾರವಾಗುತ್ತವೆ. ಮನೆಯೊಂದರಿಂದ ತಿಂಗಳಿಗೆ ಬರುವ 50 ರೂಪಾಯಿಯಲ್ಲೇ ಕೂಲಿ, ಬಾಡಿಗೆ ಎರಡೂ ಸಾಗಬೇಕು. ಅದನ್ನು ಕೊಡಲೂ ಚೌಕಾಸಿ ಮಾಡುವವರು ನಮ್ಮಲ್ಲಿದ್ದಾರೆ ಎನ್ನುವುದು ಬೇರೆ ಮಾತು.

ಯಾಂತ್ರಿಕ ತೋಳಿನಿಂದ ತೊಟ್ಟಿ ಎತ್ತಿ ಸುರಿದುಕೊಳ್ಳುವ ದೊಡ್ಡ ಲಾರಿ ವಿದೇಶದ ಅಗಲ ಬೀದಿಗಳಿಗೆ ಸರಿ. ನಮ್ಮ ಕಿರಿದಾದ ಏರುರಸ್ತೆಗಳಿಗೆ ಹೈಡ್ರಾಲಿಕ್ ಯಂತ್ರವುಳ್ಳ ಸಣ್ಣ ಟಿಪ್ಪರ್ ಧಾರಾಳ ಸಾಕು. ತೊಡಕಿರುವುದು ಸಾಲದಲ್ಲಿ. ಕೊಳ್ಳುವ ವಾಹನವನ್ನೇ ಅಡಮಾನ ಇಡಬಹುದಾದರೂ ಕಂತು ಕಟ್ಟುವ ಆದಾಯಕ್ಕೆ ಆಧಾರ ಬೇಕಲ್ಲ? ಕಸ ಸಂಗ್ರಹಕ್ಕೆ ಪಂಚಾಯತು ಬರೆದುಕೊಡುವ ಅಲ್ಪಾವಧಿಯ ಕರಾರು ನಂಬಿ ಐದು ವರ್ಷದ ಸಾಲ ಕೊಡಲು ಯಾವ ಬ್ಯಾಂಕಾದರೂ ಹಿಂಜರಿಯುತ್ತದೆ.

ಆದ್ದರಿಂದ ಪಂಚಾಯತುಗಳು ಸಾಲದ ಅವಧಿಯಷ್ಟೇ ದೀರ್ಘ ಕರಾರು ಬರೆದುಕೊಟ್ಟು, ಮುಂಗಡ ಹಣವನ್ನು ತಮ್ಮ ಯೋಜನಾ ನಿಧಿಯಿಂದ ಭರಿಸಲಿ. ಕೇರಳ ಬ್ಯಾಂಕ್ ಹಾಗೂ ಸಹಕಾರಿ ಸಂಘಗಳು ಈ ಮಹಿಳೆಯರು ಸೇರಿರುವ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಜಾಲ) ಘಟಕಗಳ ಹೆಸರಿನಲ್ಲೇ ಈ ಸಾಲ ನೀಡಲಿ. ಗಡಿನಾಡಿನ ಮಹಿಳೆಯರಿಗೆ ಅದರ ಅರ್ಜಿ ನಮೂನೆ ಕನ್ನಡದಲ್ಲೂ ಸಿಗುವಂತಾಗಲಿ.

– ಓರ್ವ ಓದುಗ, ಬದಿಯಡ್ಕ