ಜೆಟ್ ಏಳುವ ಮೊದಲು ನೆಲದಲ್ಲೇ ತಡೆಯಿರಿ

ಮಾನ್ಯರೇ,

ವಿಮಾನ ಅಪಹರಣ ಎದುರಿಸಲು ಯುದ್ಧವಿಮಾನಗಳು ಸಜ್ಜಾಗಿದ್ದರಷ್ಟೇ ಸಾಲದು, ಹುಬ್ಬಳ್ಳಿಯಂಥ ಊರಿನ ನಿಲ್ದಾಣವೂ ಸಜ್ಜಾಗಿರಬೇಕು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಎಫ್-15 ಜೆಟ್‌ಗಳು ಹಾರಿದ್ದೇನೋ ನಿಜ. ಅವು ನ್ಯೂಯಾರ್ಕ್ ತಲುಪುವಷ್ಟರಲ್ಲಿ ವಿಶ್ವ ವಾಣಿಜ್ಯ ಕೇಂದ್ರದ ಎರಡೂ ಗೋಪುರಗಳಿಗೆ ಅಪಹೃತ ವಿಮಾನಗಳು ಬಡಿದಾಗಿತ್ತು. ಇನ್ನು ಜನ ತುಂಬಿದ ವಿಮಾನವನ್ನು ಹೊಡೆದುರುಳಿಸುವುದು ಕಟ್ಟಕಡೆಯ ದಾರಿ. ಯಾವ ಪೈಲಟ್‌ಗೂ ಆ ಆದೇಶ ಬರುವುದು ಬೇಡ.

ನಮ್ಮದೇ ಉದಾಹರಣೆ ನೋಡಿ. 1999ರ ಡಿಸೆಂಬರ್ 24ರಂದು ಅಪಹರಣವಾದ ಐಸಿ-814 ವಿಮಾನ ಅಮೃತಸರದಲ್ಲಿ ಸುಮಾರು ಮುಕ್ಕಾಲು ಗಂಟೆ ನಿಂತಿತ್ತು. ಇಂಧನ ಬೇಕೆಂದೇ ಇಳಿದಿತ್ತು. ಒಂದು ಟ್ಯಾಂಕರ್ ಅಡ್ಡ ನಿಲ್ಲಿಸಿದ್ದರೂ ಆಗುತ್ತಿತ್ತು, ಅಲ್ವಾ? ತೀರ್ಮಾನ ಆಗುವುದರೊಳಗೆ ಅದು ಹಾರಿಹೋಯಿತು. ಕೊನೆಗೆ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಪ್ರಯಾಣಿಕರ ಬಿಡುಗಡೆಗಾಗಿ ಮೂವರು ಉಗ್ರರನ್ನು ಬಿಟ್ಟುಕೊಡಬೇಕಾಯಿತು.

ಹಾಗಾಗಿ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಅಪಹರಣದ ಅಣಕು ಕಾರ್ಯಾಚರಣೆಯನ್ನು ಸುಮ್ನೆ ಫೋಟೊಕ್ಕಾಗಿ ಮಾಡದೆ, ಮುನ್ಸೂಚನೆ ಇಲ್ಲದೆ, ಸಂಜೆಯ ದಟ್ಟಣೆ ಹೊತ್ತಿನಲ್ಲೇ ನಡೆಸಲಿ. ಹೊಸೂರು ವೃತ್ತ ದಾಟಿ ಕಿಮ್ಸ್ ಆಸ್ಪತ್ರೆಯ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕೆಂದು ಗೊತ್ತಾಗುತ್ತದೆ. ರನ್‌ವೇಗೆ ಅಡ್ಡ ನಿಲ್ಲಿಸುವ ವಾಹನದ ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನೂ ಆಗಲೇ ನಿರ್ಧರಿಸಲಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ